ಬಾಯಿಗೆ ನೀರು ಬಿಟ್ಟವರು

೧೫ ಮಾರ್ಚ್ ೨೦೨೦, ಭಾನುವಾರ
ಡ್ರೋಹೆಡಾ

ಐರ್ಲೆಂಡಿನ ಶಾಲೆಗಳೆಲ್ಲ ಮೊನ್ನೆ ಗುರುವಾರ ಮುಚ್ಚಿದವು. ನನ್ನದು ನವೆಂಬರಿನಲ್ಲೇ ಮುಚ್ಚಿತ್ತು. ಇದನ್ನು ಅಮ್ಮನಿಗೆ ಹೇಳಿಲ್ಲ. ಇಲ್ಲಿ ಬರೆಯುವುದಕ್ಕೂ ನಾಲ್ಕು ತಿಂಗಳು ಬೇಕಾಯಿತು.

ಹದಿನೆಂಟು ತುಂಬಿದ ಮರುವಾರ ಶಾಲೆಯ ಆಫೀಸಿಗೆ ಹೋಗಿ ಬಿಡುತ್ತೇನೆ ಎಂದೆ. ಹದಿನೆಂಟಾದವರು ಇಲ್ಲಿ ತಾವೇ ಸಹಿ ಹಾಕಬಹುದು. ಆಫೀಸಿನಾಕೆ, "ಮನೆಯಲ್ಲಿ ಗೊತ್ತಾ?" ಎಂದು ಕೇಳಿದರು. "ಗೊತ್ತಾಗುತ್ತೆ" ಎಂದೆ. ಅದು ಸುಳ್ಳಲ್ಲ. ನಾನು ಸುಳ್ಳು ಹೇಳುವುದಿಲ್ಲ. ಅಮ್ಮ ದಿನಾ "ಊಟ ಆಯ್ತಾ?", "ಸ್ವೆಟರ್ ಹಾಕ್ಕೊಂಡ್ಯಾ?" ಎಂದು ಕೇಳುತ್ತಾಳೆ. "ಸ್ಕೂಲಿಗೆ ಹೋಗಿದ್ಯಾ?" ಎಂದು ಒಂದು ದಿನವೂ ಕೇಳಿಲ್ಲ.

ಶಾಲೆಯಲ್ಲಿ ಯಾರೂ ನನಗೆ ಅನ್ಯಾಯ ಮಾಡಲಿಲ್ಲ. ಕೂರಲಾಗಲಿಲ್ಲ, ಅಷ್ಟೇ. ಕೆಮಿಸ್ಟ್ರಿ ಕ್ಲಾಸಿನಲ್ಲಿ ನನ್ನ ಕಾಲು ತಾನಾಗಿಯೇ ಕುಣಿದು ಮುಂದಿನ ಬೆಂಚು ಅಲುಗಾಡುತ್ತಿತ್ತು. ಜೂನಿನಲ್ಲಿ ಲೀವಿಂಗ್ ಸರ್ಟ್, ಅಂದರೆ ಇಲ್ಲಿಯ ಪಿಯುಸಿ ಪರೀಕ್ಷೆ. ಅದರ ಅಂಕಗಳ ಮೇಲೆ ನನಗೆ ಮೆಡಿಸಿನ್ ಸೀಟು ಎಂದು ಅಮ್ಮ ಮೈಸೂರಿನಲ್ಲಿರುವಾಗಲೇ ತೀರ್ಮಾನಿಸಿದ್ದಳು. ಅವಳು ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಅಪ್ಪ ಇಲ್ಲ. ನನಗೆ ಒಂಬತ್ತಾಗಿದ್ದಾಗ ಸ್ಕೂಟರ್ ಅಪಘಾತದಲ್ಲಿ ಹೋದರು.

ಅಮ್ಮ ಪ್ರತಿ ಭಾನುವಾರ ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಾಳೆ. ಇವತ್ತೂ ಅಭ್ಯಾಸಬಲದಿಂದ ತೆಗೆದು ಬೋರ್ಡಿನ ಮೇಲೆ ಹಾಸಿದಳು. ಆಮೇಲೆ ನೆನಪಾಗಿ ನಕ್ಕು, "ಇರ್ಲಿ ಬಿಡು, ಏಪ್ರಿಲ್‌ಗೆ ತೆಗೀತಾರಲ್ಲ" ಎಂದು ಕಾಲರಿನಿಂದ ಕೆಳಗಿನವರೆಗೆ ಇಸ್ತ್ರಿ ಮಾಡಿಯೇ ಇಟ್ಟಳು.

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಇರುವುದಕ್ಕಿಂತ ಸ್ವಲ್ಪ ಜಾಣೆಯಂತೆ ಕಾಣುತ್ತೇನೆ.

೨೯ ಮಾರ್ಚ್, ಭಾನುವಾರ

ನಿನ್ನೆಯಿಂದ ಯಾರೂ ಮನೆಯಿಂದ ಎರಡು ಕಿಲೋಮೀಟರಿನ ಆಚೆ ಹೋಗುವಂತಿಲ್ಲ. ಎಪ್ಪತ್ತು ದಾಟಿದವರು ಬಾಗಿಲಿನಿಂದಲೂ ಹೊರಗೆ ಬರುವಂತಿಲ್ಲ. ಇದಕ್ಕೆ ಇಲ್ಲಿ ಕೊಕೂನಿಂಗ್ ಎನ್ನುತ್ತಾರೆ. ರೇಷ್ಮೆಹುಳ ಗೂಡು ಕಟ್ಟಿಕೊಂಡ ಹಾಗೆ. ರಾಮನಗರದ ಕಡೆಯವರಿಗೆ ಗೂಡಿನೊಳಗಿನ ಹುಳ ಮುಂದೆ ಏನಾಗುತ್ತದೆ ಎಂದು ಗೊತ್ತು. ಆ ಮಾತನ್ನು ಮಿಸ್ಟರ್ ಕ್ಯಾರಗರ್‌ಗೆ ಹೇಳಿದೆ. "ಕುದಿಯುವ ನೀರಿಗೆ ಹಾಕುತ್ತಾರಾ? ಭೇಷ್, ಸರ್ಕಾರ ಸರಿಯಾದ ಪದವನ್ನೇ ಹುಡುಕಿದೆ" ಎಂದು ಕೆಮ್ಮುವವರೆಗೆ ನಕ್ಕರು.

ಡೆಸ್ಮಂಡ್ ಕ್ಯಾರಗರ್‌ಗೆ ಎಪ್ಪತ್ತೆಂಟು. ನಲವತ್ತು ವರ್ಷ ಲ್ಯಾಟಿನ್ ಪಾಠ ಮಾಡಿದವರು. ನವೆಂಬರಿನಿಂದ ನಾನು ಯೂನಿಫಾರ್ಮಿನಲ್ಲಿ ಮನೆಬಿಟ್ಟು ಹೋಗುತ್ತಿದ್ದುದು ಊರಿನ ಲೈಬ್ರರಿಗೆ. ಅಲ್ಲಿ ನನ್ನ ಎದುರಿನ ಮೇಜು ಅವರದು. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದು, ಈಗ ಅಕ್ಷರ ಕಾಣುವುದಿಲ್ಲ. ಹಾಗಾಗಿ ಅವರಿಗೆ ಓದಿಹೇಳತೊಡಗಿದೆ. ಈಗ ಲೈಬ್ರರಿಯೂ ಮುಚ್ಚಿದೆ. ಅವರ ಮನೆ ನಮ್ಮಿಂದ ಒಂದೂಕಾಲು ಕಿಲೋಮೀಟರು, ಗುಡ್ಡದ ಬೀದಿಯಲ್ಲಿ. ಬ್ರೆಡ್ಡು, ಹಾಲು ತಂದಿಟ್ಟು, ನಾಲ್ಕು ಬೆರಳಷ್ಟು ತೆರೆದ ಕಿಟಕಿಯ ಹೊರಗೆ ಮಡಚುವ ಕುರ್ಚಿ ಹಾಕಿಕೊಂಡು ಓದುತ್ತೇನೆ. ಒಳಗೆ ಅವರು ಕೋಟು ತೊಟ್ಟು ಕೂರುತ್ತಾರೆ. ಇಷ್ಟು ಹೊತ್ತು ಒಂದೇ ಕಡೆ ನಾನು ಬೇರೆಲ್ಲೂ ಕೂತವಳಲ್ಲ.

ಓದುವುದು ಆಂಬ್ರೋಸ್ ಟ್ರೇನರ್ ಎಂಬ ಕವಿಯ ಬಗ್ಗೆ ಅವರು ಮೂವತ್ತು ವರ್ಷದಿಂದ ಬರೆಯುತ್ತಿರುವ ಪುಸ್ತಕ. ಇನ್ನೂರು ವರ್ಷದ ಹಿಂದೆ ಇದೇ ಊರಿನಲ್ಲಿದ್ದವನು. ಹನ್ನೆರಡು ಕಥೆ, ನಲವತ್ತು ಪದ್ಯ. ಎಲ್ಲದರಲ್ಲೂ ಪಾಳು ಗೋಡೆ, ಸತ್ತ ಹೆಂಡತಿ, ಬಾಗಿಲು. ಹೆಸರಾದ ಕಥೆಯಲ್ಲಿ ಒಬ್ಬ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟುತ್ತಾನೆ. ಒಳಗಿನಿಂದ ಹೆಂಡತಿ "ಯಾರು?" ಎನ್ನುತ್ತಾಳೆ. ಅವನಿಗೆ ತನ್ನ ಹೆಸರು ಬಾಯಿಗೆ ಬರುವುದಿಲ್ಲ. ಆಗ ಅವನ ಹಿಂದಿನಿಂದ ಕೈಯಲ್ಲಿ ಹೂಜಿ ಹಿಡಿದ ಬೂದುಬಣ್ಣದ ಹೆಂಗಸೊಬ್ಬಳು ಬಂದು, ಅವನನ್ನು ಸರಿಸಿ, ಒಳಗೆ ಹೋಗುತ್ತಾಳೆ. ಅವನು ಹೊರಗೇ ಉಳಿಯುತ್ತಾನೆ.

"ಆ ಹೆಂಗಸು ಯಾರು?" ಎಂದೆ.

"ಸಾವು. ನಾಲ್ಕನೆಯ ಅಧ್ಯಾಯ ಪೂರ್ತಿ ಅದೇ."

"ಸಾವು ಯಾಕೆ ಹೂಜಿ ಹಿಡಿದುಕೊಂಡು ಬರುತ್ತೆ?"

"ಸಿಂಧು, ಮೊದಲು ಅಧ್ಯಾಯ ಓದು. ಆಮೇಲೆ ಜಗಳ ಆಡು."

೧೦ ಏಪ್ರಿಲ್, ಶುಕ್ರವಾರ

ಅಮ್ಮ ಮೂರು ದಿನಕ್ಕೊಮ್ಮೆ ಮಾತಾಡುತ್ತಾಳೆ. ಉಳಿದ ದಿನ ಬಂದು, ಬಟ್ಟೆಯನ್ನು ನೇರ ಮೆಷಿನ್ನಿಗೆ ಹಾಕಿ, ಸ್ನಾನ ಮಾಡಿ ಮಲಗುತ್ತಾಳೆ. ಮಾಸ್ಕಿನ ಅಂಚು ಮೂಗಿನ ಮೇಲೆ ಕಪ್ಪುಗೆರೆಯಾಗಿ ಕೂತಿದೆ.

ಇವತ್ತು ಮೊಸರನ್ನ ಕಲಸುತ್ತ ಮಾತಾಡಿದಳು. ಆಸ್ಪತ್ರೆಗೆ ಮನೆಯವರನ್ನು ಬಿಡುವುದಿಲ್ಲವಂತೆ. ಕೊನೆಗಳಿಗೆ ಎಂದು ಗೊತ್ತಾದಾಗ ಫೋನನ್ನು ಕಿವಿಯ ಹತ್ತಿರ ಹಿಡಿಯುತ್ತಾರಂತೆ.

"ಆಮೇಲೆ ನಾನು ಬಾಯಿಗೆ ಒಂಚೂರು ನೀರು ಬಿಡ್ತೀನಿ" ಎಂದಳು.

"ಅವರೆಲ್ಲ ಕ್ಯಾಥೊಲಿಕ್ಸ್ ಅಲ್ವಾಮ್ಮಾ?"

"ಬಾಯಿ ಒಣಗೋದಕ್ಕೆ ಜಾತಿ ಇದ್ಯಾ? ಸ್ಪಂಜ್‌ನಲ್ಲಿ ತುಟಿ ಒದ್ದೆ ಮಾಡ್ತೀನಿ. ನರ್ಸ್‌ಗಳೂ ಮಾಡ್ತಾರೆ, ಅವ್ರು ಅದಕ್ಕೆ ಮೌತ್ ಕೇರ್ ಅಂತಾರೆ. ನಾನು ಮನಸ್ಸಲ್ಲಿ ನಮ್ಮ ಹೆಸರಲ್ಲೇ ಕರ್ಕೊಳ್ತೀನಿ."

ಮೈಸೂರಿನ ಅಜ್ಜಿ ಯಾರನ್ನಾದರೂ ಶಪಿಸುವಾಗ, "ಕೊನೆಗಾಲಕ್ಕೆ ಬಾಯಿಗೆ ನೀರು ಬಿಡೋರು ಗತಿ ಇಲ್ದೆ ಹೋಗ್ಲಿ" ಎನ್ನುತ್ತಿದ್ದರು. ಅಪ್ಪನ ವಿಷಯದಲ್ಲಿ ಅವರಿಗಿದ್ದ ಒಂದೇ ಸಮಾಧಾನ, ಅಮ್ಮ ಅವರನ್ನು ತಂದ ಆಸ್ಪತ್ರೆಯಲ್ಲೇ ಇದ್ದು ನೀರು ಬಿಟ್ಟಳು ಎನ್ನುವುದು.

೧೪ ಏಪ್ರಿಲ್, ಮಂಗಳವಾರ

ಆಂಬುಲೆನ್ಸ್ ಏಳು. ಎಣಿಸಬಾರದು ಎಂದುಕೊಂಡೇ ಎಣಿಸಿದೆ.

೨೧ ಏಪ್ರಿಲ್, ಮಂಗಳವಾರ

ಇವತ್ತು ಮಿಸ್ಟರ್ ಕ್ಯಾರಗರ್ ಜೊತೆ ಜಗಳವಾಯಿತು.

ಕೊನೆಯ ಅಧ್ಯಾಯಕ್ಕೆ ಬಂದಿದ್ದೆವು. ೧೮೩೨ರಲ್ಲಿ ಈ ಊರಿಗೆ ಕಾಲರಾ ಬಂತು. ಟ್ರೇನರನ ಹೆಂಡತಿ ನೋರಾಳನ್ನು ಕಾಲರಾ ಆಸ್ಪತ್ರೆಗೆ ಹೊತ್ತೊಯ್ದರು. ಅವನು ಅವಳ ಪಕ್ಕ ಕೂತು, ಸಾಯುವವರೆಗೆ ಕೈ ಬಿಡಲಿಲ್ಲ. ಇದು ಊರಿಗೆಲ್ಲ ಗೊತ್ತಿರುವ ಕಥೆ. ಅವನ ಮನೆಯ ಗೋಡೆಯ ಮೇಲೆ ಫಲಕವೂ ಇದೆ: "ಮಡದಿಯ ಕೈಬಿಡದ ಕವಿ ಇಲ್ಲಿ ವಾಸವಾಗಿದ್ದ." ಆ ಮಾತು ಬರೆದುಕೊಟ್ಟವರು ಮಿಸ್ಟರ್ ಕ್ಯಾರಗರ್.

ಟಿಪ್ಪಣಿಗಳನ್ನು ತಾಳೆ ನೋಡಲು ಅವರು ಕಿಟಕಿಯಿಂದ ಪತ್ರಗಳ ನಕಲಿನ ಕಟ್ಟು ಕೊಟ್ಟರು. ಅದರಲ್ಲಿ ಟ್ರೇನರ್ ತಮ್ಮನಿಗೆ ಕಡಲಾಚೆಯ ಲಿವರ್‌ಪೂಲಿನಿಂದ ಬರೆದ ಪತ್ರ. "ಹಡಗು ಸುಖವಾಗಿ ತಲುಪಿತು" ಎಂದಿದೆ. ತಾರೀಖು ಆಗಸ್ಟ್ ಹದಿನಾಲ್ಕು. ನೋರಾ ಸತ್ತದ್ದು ಹದಿನಾರಕ್ಕೆ.

ಗಟ್ಟಿಯಾಗಿ ಎರಡು ಸಲ ಓದಿದೆ.

"ಅವನು ಅಲ್ಲಿರಲೇ ಇಲ್ಲ. ಓಡಿಹೋಗಿದ್ದಾನೆ" ಎಂದೆ.

"ತಾರೀಖು ಬರೆಯುವಾಗ ತಪ್ಪಿರಬಹುದು."

"ಹಾಗಂತ ನೀವು ನಂಬುತ್ತೀರಾ?"

"ಇಲ್ಲ."

"ಯಾವಾಗಿನಿಂದ ಗೊತ್ತು?"

"ಕಣ್ಣು ಚೆನ್ನಾಗಿದ್ದಾಗಿನಿಂದ."

ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಒಂದು ಸುಳ್ಳಿಗೆ ಟಿಪ್ಪಣಿ ಬರೆದಿದ್ದೀರಿ ಎಂದೆ. ಇಂಥ ಪುಸ್ತಕವನ್ನು ನಾನು ಇನ್ನೊಂದು ಪುಟವೂ ಓದುವುದಿಲ್ಲ ಎಂದೆ. ಅವರು ಕಿಟಕಿಯ ಚೌಕಟ್ಟು ಹಿಡಿದು ಎದ್ದರು.

"ಈ ಸಣ್ಣ ಊರಿಗೆ ಇರುವುದು ಅವನೊಬ್ಬ, ಮಗೂ. ಇರಲಿ, ನೀನು ದೊಡ್ಡ ಸತ್ಯವಂತೆ. ನವೆಂಬರಿನಿಂದ ಒಂಬತ್ತು ಗಂಟೆಗೆ ಯೂನಿಫಾರ್ಮಿನಲ್ಲಿ ಲೈಬ್ರರಿಗೆ ಬಂದು ನಾಲ್ಕಕ್ಕೆ ಎದ್ದುಹೋಗುತ್ತಿದ್ದವಳು ಯಾರು? ನಲವತ್ತು ವರ್ಷ ಹಾಜರಿ ಕರೆದವನು ನಾನು. ನಿನ್ನ ತಾಯಿಗೆ ಗೊತ್ತಾ?"

"ಅವಳು ಕೇಳಿಲ್ಲ."

"ನನ್ನನ್ನೂ ಯಾರೂ ಕೇಳಿಲ್ಲ" ಎಂದು ಕಿಟಕಿ ಮುಚ್ಚಿದರು.

೨೨ ಏಪ್ರಿಲ್

ಹೋಗಲಿಲ್ಲ.

೨೪ ಏಪ್ರಿಲ್

ಹಾಲು, ಬ್ರೆಡ್ಡು ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ ವಾಪಸಾದೆ. ಅವರದೂ ನನ್ನದೂ ಒಂದೇ ಅಲ್ಲ. ಅಲ್ಲವೇ ಅಲ್ಲ.

೪ ಮೇ, ಸೋಮವಾರ

ಅಮ್ಮನಿಗೆ ಪಾಸಿಟಿವ್.

ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗಿನಿಂದಲೇ ಆರ್ಡರ್: "ಊಟ ಬಾಗ್ಲಲ್ಲಿಟ್ಟು ದೂರ ಹೋಗು. ನಾನು ತಟ್ಟೆ ಹೊರಗಿಟ್ರೆ ಗ್ಲೌಸ್ ಹಾಕ್ಕೊಂಡೇ ಮುಟ್ಟು. ದಿನಕ್ಕೆ ಮೂರು ಸಲ ಆಕ್ಸಿಜನ್ ರೀಡಿಂಗ್ ಹೇಳ್ತೀನಿ, ಬರ್ಕೊ. ತೊಂಬತ್ತೆರಡಕ್ಕಿಂತ ಕೆಳಗೆ ಬಂದ್ರೆ ನನ್ನನ್ನ ಕೇಳ್ಬೇಡ, ಆಂಬುಲೆನ್ಸ್ ಕರಿ." ಬೆಳಿಗ್ಗೆ ತೊಂಬತ್ತಾರು. ಸಂಜೆ ತೊಂಬತ್ತೈದು.

ಈ ಊರಿನ ಇನ್ನೊಂದು ಕನ್ನಡದ ಮನೆಯ ವಾಸಂತಿ ಆಂಟಿ ಗೇಟಿನ ಮೇಲೆ ಚಟ್ನಿಪುಡಿಯ ಡಬ್ಬಿ ಇಟ್ಟು, ರಸ್ತೆಯಾಚೆಯಿಂದಲೇ, "ಧೈರ್ಯವಾಗಿರು ಕಣೇ, ಓದೋದು ಬಿಡ್ಬೇಡ!" ಎಂದು ಕೂಗಿ ಹೋದರು.

೭ ಮೇ, ಗುರುವಾರ

ತೊಂಬತ್ಮೂರು. ತೊಂಬತ್ಮೂರು. ತೊಂಬತ್ನಾಲ್ಕು.

ಸಾರಿನ ರುಚಿಯೇ ಗೊತ್ತಾಗುತ್ತಿಲ್ಲವಂತೆ. ಬಿಸಿನೀರು ಕುಡಿದ ಹಾಗೆ ಎಂದಳು. ಬಾಗಿಲಿಗೆ ಬೆನ್ನು ಕೊಟ್ಟು ಮಧ್ಯಾಹ್ನವೆಲ್ಲ ಕೂತಿದ್ದೆ. ಕಾಲು ಕುಣಿಯಲಿಲ್ಲ.

೮ ಮೇ, ಶುಕ್ರವಾರ

ಹೇಳಿದೆ.

ಮಧ್ಯಾಹ್ನ ತಟ್ಟೆ ಇಡಲು ಹೋದಾಗ ಒಳಗಿನಿಂದ ಅಮ್ಮನ ದನಿ, ಐದು ದಿನದಲ್ಲಿ ಮೊದಲ ಸಲ ಗೆಲುವಾಗಿತ್ತು. "ಸಿಂಧು, ನ್ಯೂಸ್ ನೋಡ್ದ್ಯಾ? ಲೀವಿಂಗ್ ಸರ್ಟ್ ಕ್ಯಾನ್ಸಲ್! ಎಕ್ಸಾಮೇ ಇಲ್ವಂತೆ, ಟೀಚರ್‌ಗಳೇ ಗ್ರೇಡ್ ಕೊಡ್ತಾರಂತೆ! ಹೆಂಗೂ ವರ್ಷವೆಲ್ಲ ಕ್ಲಾಸಿಗೆ ಹೋಗಿದ್ದೀಯಲ್ಲ, ನಿಂಗೇನು ಭಯ?"

ಅಂತೂ ಇವತ್ತು ಕೇಳಿಬಿಟ್ಟಳು. ಕೇಳಲೂ ಇಲ್ಲ, ನಂಬಿ ಹೇಳಿದಳು. ಸುಮ್ಮನೆ "ಹೂಂ" ಎಂದರೆ ಆಗಸ್ಟಿನಲ್ಲಿ ಫಲಿತಾಂಶ ಬರುವವರೆಗೆ ನಡೆಯುತ್ತಿತ್ತು. ತಟ್ಟೆ ಹಿಡಿದು ಬಾಗಿಲ ಮುಂದೆ ನಿಂತಿದ್ದೆ. ಟ್ರೇನರನ ಕಥೆಯವನೂ ಹೀಗೇ ನಿಂತಿದ್ದ.

"ನಾನು ಹೋಗಿಲ್ಲ ಅಮ್ಮ. ನವೆಂಬರ್‌ನಲ್ಲೇ ಬಿಟ್ಟೆ. ನನ್ನ ಹೆಸರು ಅಲ್ಲಿ ಇಲ್ಲ. ಗ್ರೇಡ್ ಬರಲ್ಲ."

ಒಳಗೆ ಮಂಚ ಕಿರುಗುಟ್ಟಿತು.

"ಅಮ್ಮಾ?"

"ತಟ್ಟೆ ಇಟ್ಟು ಹೋಗು."

ಸಂಜೆ ತಟ್ಟೆ ಹೊರಗಿತ್ತು. ಅನ್ನ ಹಾಗೇ ಇತ್ತು. ರೀಡಿಂಗ್ ಅನ್ನು ಚೀಟಿಯಲ್ಲಿ ಬರೆದಿಟ್ಟಿದ್ದಳು. ೯೩.

೯ ಮೇ

ಚೀಟಿ: ೯೩, ೯೪, ೯೪. ಮಾತಿಲ್ಲ.

೧೧ ಮೇ, ಸೋಮವಾರ

ಬೆಳಿಗ್ಗೆ ತಟ್ಟೆ ಖಾಲಿ. ಒಳಗಿನಿಂದ, "ಸಾರಿಗೆ ಉಪ್ಪು ಜಾಸ್ತಿ."

ಬಾಯಿ ರುಚಿ ಬಂದಿದೆ! ಸಂತೋಷಕ್ಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳಿಗೆ ನಾನು ಕೂತದ್ದು ಕೇಳಿಸಿರಬೇಕು.

"ಯಾಕೆ ಹೇಳ್ಲಿಲ್ಲ?" ಎಂದಳು.

"ನೀನು ಕೇಳ್ಲಿಲ್ಲ."

"ಕತ್ತೆ. ದಿನಾ ಊಟ ಆಯ್ತಾ ಅಂತ ಕೇಳ್ತಿದ್ದೆನಲ್ಲ, ಅದ್ರಲ್ಲಿ ಎಲ್ಲಾ ಸೇರಿತ್ತು." ತುಂಬ ಹೊತ್ತು ಕೆಮ್ಮಿದಳು. ನಾನು ಎದ್ದು ನಿಂತೆ. ಕೆಮ್ಮು ನಿಂತಿತು. "ಕೂತ್ಕೋ. ಒಂದ್ ವಿಷಯ ಇದೆ. ನಾನೂ ಯಾರಿಗೂ ಹೇಳಿಲ್ಲ. ನಿಮ್ಮಪ್ಪನ್ನ ಕ್ಯಾಶುವಾಲ್ಟಿಗೆ ತಂದಾಗ ನಾನು ಮೇಲೆ ಥಿಯೇಟರ್‌ನಲ್ಲಿದ್ದೆ. ಟೇಬಲ್ ಮೇಲೆ ಒಬ್ಳು ಹೆಂಗ್ಸು. ಹೊಟ್ಟೆ ಓಪನ್ ಆಗಿತ್ತು. ಅನಸ್ತೀಷಿಯಾ ಕೊಟ್ಟೋರು ಮಧ್ಯೆ ಬಿಟ್ಟು ಬರೋ ಹಾಗಿಲ್ಲ. ಬಾಗ್ಲಿಗೆ ಬಂದು ಹೇಳಿದ್ರು. ಬೇರೆಯವ್ರು ಬರೋದಕ್ಕೆ ನಲವತ್ತು ನಿಮಿಷ ಆಯ್ತು. ಕೆಳಗೆ ಓಡ್ದೆ. ಮುಖಕ್ಕೆ ಬಟ್ಟೆ ಹಾಕಿದ್ರು."

"ಅಜ್ಜಿ ಹತ್ರ ನೀರು ಬಿಟ್ಟೆ ಅಂತ..."

"ಅಂದೆ. ಅವ್ರ ಕಣ್ಣು ನೋಡಿ ಇಲ್ಲ ಅನ್ನಕ್ಕೆ ಬರ್ಲಿಲ್ಲ. ಒಂದ್ಸಲ ಅಂದ್ಮೇಲೆ ಒಂಬತ್ತು ವರ್ಷ ಅಂದೆ."

"ಹಾಗಾದ್ರೆ ಯಾರು ಬಿಟ್ರು?"

"ಗೊತ್ತಿಲ್ಲ. ಕೇಳಕ್ಕೆ ಭಯ ಆಯ್ತು. ಯಾರೂ ಇಲ್ಲ ಅಂದ್ಬಿಟ್ರೆ?"

ಸಂಜೆಯ ರೀಡಿಂಗ್ ತೊಂಬತ್ತಾರು.

೧೮ ಮೇ, ಸೋಮವಾರ

ಇವತ್ತಿನಿಂದ ಹೊರಗೆ, ದೂರದಲ್ಲಿ ಕೂತು, ಭೇಟಿಯಾಗಬಹುದು. ಅಮ್ಮ ಕೋಣೆಯಿಂದ ಬಂದಿದ್ದಾಳೆ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾಳೆ. ನನ್ನ ಶಾಲೆಯ ಮಾತು ಮತ್ತೆ ಎತ್ತಿಲ್ಲ. ಯೂನಿಫಾರ್ಮನ್ನು ಬೀರುವಿನಿಂದ ತೆಗೆದು ಚೀಲಕ್ಕೆ ಹಾಕಿದ್ದು ನೋಡಿದೆ. ಆ ಇಸ್ತ್ರಿಯ ಮಡಿಕೆ ಹಾಗೇ ಇತ್ತು.

ಗುಡ್ಡ ಹತ್ತಿ ಹೋದೆ. ಮಿಸ್ಟರ್ ಕ್ಯಾರಗರ್ ಹೊಸಿಲ ಮೇಲೆ ಬಿಸಿಲಿಗೆ ಕೂತಿದ್ದರು. ತೂಕ ಇಳಿದಿದ್ದಾರೆ.

"ಹೇಗಿದ್ದೀರಿ?"

"ಗ್ರ್ಯಾಂಡ್. ಕುದಿಯುವ ನೀರಿಗೆ ಇನ್ನೂ ಹಾಕಿಲ್ಲ."

"ಅಮ್ಮನಿಗೆ ಹೇಳಿದೆ" ಎಂದೆ.

ಅವರು ತಲೆಯಾಡಿಸಿದರು. ನಾನು ಬೈಯಲಿ ಎಂದು ಕಾಯುತ್ತಿದ್ದಂತಿತ್ತು. ಬೈಯುವುದು ಬೇಕಿರಲಿಲ್ಲ ನನಗೆ. ವಾರದಿಂದ ತಲೆಯಲ್ಲಿದ್ದ ಒಂದೇ ಮಾತು ಕೇಳಿದೆ.

"ಅವನು ಲಿವರ್‌ಪೂಲಿನಲ್ಲಿದ್ದ ಅಲ್ಲವಾ? ಹಾಗಿದ್ದರೆ ನೋರಾಳ ಬಾಯಿಗೆ ನೀರು ಬಿಟ್ಟವರು ಯಾರು?"

"ಏನಂದೆ?"

ನಮ್ಮ ಪದ್ಧತಿ ವಿವರಿಸಿದೆ. ಅವರು "ಯಾರೂ ಇರಲಾರರು" ಎಂದರು. "ಆ ಕಾಲದ ವೈದ್ಯರು ಕಾಲರಾದವರಿಗೆ ನೀರು ಕೊಡಬಾರದು ಎನ್ನುತ್ತಿದ್ದರು. ನೀರು ನೀರು ಎಂದು ಕೂಗುತ್ತಲೇ ಜನ ಸಾಯುತ್ತಿದ್ದರು."

"ಎಲ್ಲಾದರೂ ಬರೆದಿಟ್ಟಿರುತ್ತಾರಾ?"

"ಆ ಆಸ್ಪತ್ರೆಯ ದಿನದ ಪುಸ್ತಕದ ನಕಲು ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿದೆ. ನಾನು ಸತ್ತವರ ಪಟ್ಟಿ ಮಾತ್ರ ನೋಡಿದ್ದೆ. ಮಿಕ್ಕದ್ದರಲ್ಲಿ ಅವನ ಹೆಸರು ಇರಲಾರದಲ್ಲ."

೨೦ ಮೇ, ಬುಧವಾರ

ಮೂರು ದಿನ, ನೂರ ಎಂಬತ್ತು ಪುಟ. ಕೈಬರಹ ಇರುವೆಗಳ ಸಾಲಿನಂತಿದೆ. ಮೊದಲು ಸುಣ್ಣ, ಹುಲ್ಲು, ಶವದ ಗಾಡಿಯ ಲೆಕ್ಕವೇ ಬಂದವು. ಇವತ್ತು ಮಧ್ಯಾಹ್ನ ಆಗಸ್ಟ್ ಹದಿನೇಳರ ಪುಟದಲ್ಲಿ ಸಿಕ್ಕಿತು. ನನ್ನ ಕನ್ನಡದಲ್ಲಿ:

"ಆಳು ಮೇರಿ ಡಫಿಯನ್ನು ಈ ದಿನ ಕೆಲಸದಿಂದ ತೆಗೆಯಲಾಯಿತು. ಆಜ್ಞೆ ಮೀರಿ ಟ್ರೇನರ್ ಎಂಬ ಹೆಂಗಸಿಗೆ, ಅವಳು ಸಾಯುವವರೆಗೂ, ಹೂಜಿಯಿಂದ ನೀರು ಕುಡಿಸಿದ್ದಾಳೆ. ಕೇಳಿದ್ದಕ್ಕೆ, ಅವಳು ಬೇಡಿದಳು ಎಂದಷ್ಟೇ ಉತ್ತರಿಸಿದಳು."

ಓದಿ ಮುಗಿಸಿ ನೋಡಿದರೆ ಮಿಸ್ಟರ್ ಕ್ಯಾರಗರ್ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಿದ್ದರು.

"ಹೂಜಿ" ಎಂದರು.

"ಹೂಂ."

"ಬೂದುಬಣ್ಣ. ಆಸ್ಪತ್ರೆಯ ಆಳುಗಳಿಗೆ ಬೂದುಬಣ್ಣದ ಅಂಗಿ ಕೊಡುತ್ತಿದ್ದರು. ದೇವರೇ. ಅವನಿಗೆ ಗೊತ್ತಿತ್ತು. ಊರಿಗೆ ಮರಳಿದ ಮೇಲೆ ಯಾರೋ ಹೇಳಿದ್ದಾರೆ, ಅಥವಾ ಅವಳೇ ಹೇಳಿದ್ದಾಳೆ. ಜೀವವಿರುವ ತನಕ ಅವಳನ್ನೇ ಬರೆದ. ಅವಳು ಒಳಗೆ ಹೋಗುತ್ತಾಳೆ, ಇವನು ಹೊರಗೆ." ಆಮೇಲೆ ನಗಲು ತೊಡಗಿದರು. ಕಣ್ಣಿನಿಂದ ನೀರು. "ನಾಲ್ಕನೆಯ ಅಧ್ಯಾಯ! ನಲವತ್ತೊಂದು ಪುಟ! ಸಾವು ಎಂದು ಲ್ಯಾಟಿನ್ ಸಮೇತ ಸಾಧಿಸಿದ್ದೆ. ಹರಿದುಹಾಕು."

"ನೀವೇ ಹರೀರಿ. ನಾನು ಬರೆದದ್ದಲ್ಲ."

"ಲಿವರ್‌ಪೂಲಿನ ಪತ್ರವನ್ನೂ ಸೇರಿಸುತ್ತೇನೆ" ಎಂದರು ಆಮೇಲೆ. "ಅವನನ್ನು ಬೈಯುವುದಿಲ್ಲ. ತಾರೀಖು ಬರೆಯುತ್ತೇನೆ. ಅವಳ ಹೆಸರು ಬರೆಯುತ್ತೇನೆ."

ಅದು ಸರಿ ಎನಿಸಿತು. ಏಪ್ರಿಲಿನಲ್ಲಿ ಆಗಿದ್ದರೆ ಇಷ್ಟು ಸಾಲದು ಎನ್ನುತ್ತಿದ್ದೆನೇನೋ.

ಮನೆಗೆ ಬಂದು ಅಮ್ಮನಿಗೆ ಓದಿಹೇಳಿದೆ. ಅವರೆಕಾಳಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಕೇಳಿದಳು.

"ಅಂತೂ ಯಾರೋ ಇದ್ರು."

"ಇದ್ರು."

"ಎಲ್ಲಾ ಕಡೆ ಯಾರೋ ಒಬ್ರು ಇದ್ದೇ ಇರ್ತಾರೆ, ಅಲ್ವಾ?" ಎಂದು ಅಡುಗೆಮನೆಗೆ ಹೋದಳು. ನನ್ನ ಉತ್ತರಕ್ಕೆ ಕಾಯಲಿಲ್ಲ.

೨೭ ಜೂನ್, ಶನಿವಾರ

ಕಿಲ್ಕೆನ್ನಿಯ ಹತ್ತಿರ ಒಂದು ವೃದ್ಧಾಶ್ರಮದಲ್ಲಿ ನನ್ನನ್ನು ಆರೈಕೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಇರಲು ಕೋಣೆ ಕೊಡುತ್ತಾರೆ. ತರಬೇತಿಯನ್ನೂ ಅವರೇ ಕೊಡುತ್ತಾರೆ. ಈ ಸಲ ಅರ್ಜಿ ಹಾಕುವ ಮೊದಲೇ ಅಮ್ಮನಿಗೆ ಹೇಳಿದ್ದೆ. ದೊಡ್ಡ ರಂಪವಾಯಿತು.

"ಡಾಕ್ಟರ್ ಮಗಳು ಬೆಡ್‌ಪ್ಯಾನ್ ತೆಗಿಯಕ್ಕೆ ಹೋಗ್ತಾಳಾ? ವಾಸಂತಿಗೆ ಏನಂತ ಹೇಳ್ಲಿ?"

"ಬೆಡ್‌ಪ್ಯಾನ್ ತೆಗಿಯಕ್ಕೆ ಹೋಗ್ತಾಳೆ ಅಂತ ಹೇಳು."

"ನಾಲ್ಕು ದಿನ ಮಾಡ್ತೀಯ. ಅದನ್ನೂ ಬಿಟ್ಟು ಬರ್ತೀಯ."

"ಇರಬಹುದು. ಬಿಟ್ರೆ ಅವತ್ತೇ ಫೋನ್ ಮಾಡ್ತೀನಿ."

ಎರಡು ದಿನ ಮಾತು ಬಿಟ್ಟಳು. ಈ ಸಲ ಬಾಗಿಲು ತೆರೆದೇ ಇತ್ತು.

೧೨ ಜುಲೈ, ಭಾನುವಾರ

ಬೆಳಿಗ್ಗೆ ಮಿಸ್ಟರ್ ಕ್ಯಾರಗರ್ ಬಳಿಗೆ ಹೋಗಿದ್ದೆ. ಕೊನೆಯ ಅಧ್ಯಾಯ ಟೈಪಾಗಿದೆ. ಅದರ ತಲೆಬರಹ "ಮೇರಿ ಡಫಿ". ಫಲಕದ ಮಾತು ಬದಲಿಸಬೇಕೆಂದು ಪುರಸಭೆಗೆ ಪತ್ರ ಬರೆಸಿ, ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. "ಉತ್ತರ ಬರುವುದಿಲ್ಲ. ಆದರೂ ಕೇಳಿಟ್ಟಿರಬೇಕು" ಎಂದರು. ಹೊರಡುವಾಗ ಮಡಚುವ ಕುರ್ಚಿಯನ್ನು ಒಳಗೆ ತೆಗೆದಿಡಲು ಬಿಡಲಿಲ್ಲ.

ಸಂಜೆ ಅಮ್ಮ ಇಸ್ತ್ರಿ ಬೋರ್ಡು ತೆಗೆದಳು. ವೃದ್ಧಾಶ್ರಮದವರು ಕೆಲಸಕ್ಕೆಂದು ಕಳಿಸಿದ್ದ ನೀಲಿ ಅಂಗಿಗಳನ್ನು ಹಾಸಿ, ಮೂರಕ್ಕೂ ಇಸ್ತ್ರಿ ಮಾಡಿದಳು. ಆಮೇಲೆ ಒಂದು ಲೋಟ ನೀರು, ಆಸ್ಪತ್ರೆಯಿಂದ ತಂದ ಕಡ್ಡಿಯ ತುದಿಯ ಪುಟ್ಟ ಸ್ಪಂಜು ಹಿಡಿದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು.

"ಸುಮ್ನೆ ಸುರಿಯೋದಲ್ಲ, ನೆತ್ತಿಗೆ ಹತ್ತುತ್ತೆ. ಮೊದ್ಲು ಕೈ ಹೀಗೆ ಕತ್ತಿನ ಹಿಂದೆ. ತಲೆ ಸ್ವಲ್ಪ ಎತ್ತಿ ಪಕ್ಕಕ್ಕೆ. ಸ್ಪಂಜ್ ಹಿಂಡಿಬಿಡು, ತೇವ ಇದ್ರೆ ಸಾಕು. ಕೆಳತುಟಿ ಮೊದ್ಲು. ಹೆಸರು ಹಿಡಿದು ಮಾತಾಡ್ತಾ ಇರು, ಕೇಳಿಸ್ತಾ ಇರುತ್ತೆ."

ನನ್ನ ತುಟಿ ಒದ್ದೆಯಾಯಿತು. ಅವಳ ಅಂಗೈ ಕತ್ತಿನ ಹಿಂದೆ ಬೆಚ್ಚಗಿತ್ತು.

"ಈಗ ನೀನು ನಂಗೆ ಮಾಡು" ಎಂದು ಅವಳು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಳು. ಮಾಡಿದೆ. ಎರಡನೆಯ ಸಲಕ್ಕೆ ಸರಿಯಾಯಿತು.

ನಾಳೆ ಬೆಳಿಗ್ಗೆ ಏಳು ನಲವತ್ತರ ಬಸ್ಸಿಗೆ ಹೊರಡುತ್ತೇನೆ.